ಆಳುವವರೇ ಕೊಂಡು ತಂದ ಅಪಾಯಕಾರಿ ಪುಸ್ತಕಗಳು

ವಸಾಹತಿನಲ್ಲಿ ವಿಶ್ವವಿದ್ಯಾಲಯ ಕಟ್ಟುವ ಸರ್ಕಾರಕ್ಕೆ ಒಂದು ಇಕ್ಕಟ್ಟು ತಪ್ಪದು. ಗ್ರಂಥಾಲಯವಿಲ್ಲದೆ ವಿಶ್ವವಿದ್ಯಾಲಯವಿಲ್ಲ, ಆದರೆ ಕಪಾಟಿಗೆ ಬಂದ ಪುಸ್ತಕವನ್ನು ಯಾರು ಹೇಗೆ ಓದಬೇಕೆಂಬುದು ಆಳುವವರ ಕೈಯಲ್ಲಿಲ್ಲ. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾ ಇದಕ್ಕೆ ಒಳ್ಳೆಯ ನಿದರ್ಶನ.

1910ರಲ್ಲಿ ಕೊರಿಯಾ ಜಪಾನಿನ ವಶವಾಯಿತು. 1919ರ ಸ್ವಾತಂತ್ರ್ಯ ಚಳವಳಿಯ ತರುವಾಯ ಕೊರಿಯನ್ನರು ಚಂದಾ ಎತ್ತಿ ತಮ್ಮದೇ ವಿಶ್ವವಿದ್ಯಾಲಯ ಸ್ಥಾಪಿಸಲು ಹೊರಟರು. ಅದು ಕೈಗೂಡಲಿಲ್ಲ. ಬದಲಿಗೆ 1924ರಲ್ಲಿ ಸರ್ಕಾರವೇ ಇಂದಿನ ಸೋಲ್ ನಗರದಲ್ಲಿ ಕೆಯ್ಜೊ ಇಂಪೀರಿಯಲ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಅಲ್ಲಿಯೂ ಬಹುಪಾಲು ವಿದ್ಯಾರ್ಥಿಗಳು ಜಪಾನೀಯರೇ.

ಮರುವರ್ಷವೇ ಶಾಂತಿಪಾಲನಾ ಕಾಯಿದೆ ಜಾರಿಗೆ ಬಂತು. ಖಾಸಗಿ ಆಸ್ತಿಯನ್ನು ನಿರಾಕರಿಸುವ, ರಾಜ್ಯವ್ಯವಸ್ಥೆಯನ್ನು ಬದಲಿಸಹೊರಡುವ ಸಂಘಟನೆಗಳ ಸದಸ್ಯರಿಗೆ ಸೆರೆವಾಸ. 1928ರ ತಿದ್ದುಪಡಿಯ ಬಳಿಕ ಮುಖಂಡರಿಗೆ ಮರಣದಂಡನೆಯೂ ಸಾಧ್ಯವಾಯಿತು. ಇಷ್ಟಾದರೂ ಮಾರ್ಕ್ಸ್‌ವಾದದ ಗ್ರಂಥಗಳು ಅದೇ ಸರ್ಕಾರದ ಹಣದಲ್ಲಿ ಗ್ರಂಥಾಲಯ ಸೇರಿದವು. ಕಾರಣ ಸರಳ. ಯುರೋಪಿನ ವಿಶ್ವವಿದ್ಯಾಲಯಗಳಿಗೆ ಸಾಟಿಯಾಗಬೇಕಾದರೆ ಮಾರ್ಕ್ಸ್‌ನನ್ನು ಬಿಟ್ಟು ಅರ್ಥಶಾಸ್ತ್ರ ಕಲಿಸುವಂತಿರಲಿಲ್ಲ. ಬೀದಿಯಲ್ಲಿ ಹಂಚುವ ಕೊರಿಯನ್ ಕರಪತ್ರದಂತೆ ಜರ್ಮನ್ ಭಾಷೆಯ ದಪ್ಪ ಗ್ರಂಥ ಜನರನ್ನು ತಲುಪುವುದೂ ಇಲ್ಲ. ವಿದ್ವಾಂಸರಿಗೆ ಮೀಸಲಾದ ವಿಷ ಕಪಾಟಿನಲ್ಲೇ ಉಳಿಯುತ್ತದೆಂಬುದು ಲೆಕ್ಕಾಚಾರ.

ಲೆಕ್ಕ ತಪ್ಪಿತು. ವಿದ್ಯಾರ್ಥಿಗಳು ಅಧ್ಯಯನ ಕೂಟ ಕಟ್ಟಿಕೊಂಡು ಈ ವಿಚಾರಗಳನ್ನು ಚರ್ಚಿಸತೊಡಗಿದರು. ಜರ್ಮನಿಯಲ್ಲಿ ಅಧ್ಯಯನ ನಡೆಸಿ ಬಂದಿದ್ದ ಜಪಾನೀ ಅರ್ಥಶಾಸ್ತ್ರ ಪ್ರಾಧ್ಯಾಪಕ ಮಿಯಾಕೆ ಶಿಕಾನೊಸುಕೆ ಇನ್ನೂ ಮುಂದೆ ಹೋದರು. 1934ರಲ್ಲಿ ಪೊಲೀಸರಿಂದ ತಪ್ಪಿಸಿಕೊಂಡ ಕೊರಿಯನ್ ಕಮ್ಯುನಿಸ್ಟ್ ನಾಯಕ ಯಿ ಜೆ-ಯುವನ್ನು ತಮ್ಮ ಮನೆಯ ನೆಲದಡಿಯ ಗುಂಡಿಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಅಡಗಿಸಿಟ್ಟರು. ಕೊನೆಗೆ ಮಿಯಾಕೆ ಸೆರೆಯಾದರು. ಮುಂದೆ ಮತ್ತೆ ಸಿಕ್ಕಿಬಿದ್ದ ಯಿ, 1944ರಲ್ಲಿ ಸೆರೆಯಲ್ಲೇ ತೀರಿಕೊಂಡರು.

ಆ ಓದುಗರೆಲ್ಲ ಒಂದೇ ದಾರಿ ಹಿಡಿಯಲಿಲ್ಲ ಎಂಬುದೂ ಗಮನಾರ್ಹ. ಅಧ್ಯಯನ ಕೂಟದಲ್ಲಿದ್ದ ಯು ಜಿನ್-ಒ 1948ರಲ್ಲಿ ದಕ್ಷಿಣ ಕೊರಿಯಾದ ಸಂವಿಧಾನದ ಕರಡು ಬರೆದರು. ಅದೇ ವಿಶ್ವವಿದ್ಯಾಲಯದ ಚೋಯ್ ಯೋಂಗ್-ದಾಲ್ ಉತ್ತರಕ್ಕೆ ಹೋಗಿ, ಅಲ್ಲಿನ ಹೊಸ ಆಡಳಿತದಲ್ಲಿ ನ್ಯಾಯ ಇಲಾಖೆಯ ಮುಖ್ಯಸ್ಥರಾದರು. ಒಂದೇ ಕಪಾಟು ಎರಡು ವಿರೋಧಿ ರಾಷ್ಟ್ರಗಳಿಗೂ ಆಡಳಿತಗಾರರನ್ನು ಕೊಟ್ಟಂತಾಯಿತು. ಪುಸ್ತಕ ವಿಚಾರವನ್ನು ಕೊಡುತ್ತದೆ, ತೀರ್ಮಾನ ಓದುಗನದು. ಕಾವಲುಗಾರರು ಮರೆತದ್ದು ಇದನ್ನೇ.

1945ರಲ್ಲಿ ಜಪಾನಿನ ಆಳ್ವಿಕೆ ಮುಗಿಯಿತು. ಗ್ರಂಥಾಲಯದ ಸಂಗ್ರಹ 1946ರಲ್ಲಿ ಸ್ಥಾಪನೆಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪಾಲಾಯಿತು. ತಂದವರು ಹೋದರು, ಪುಸ್ತಕಗಳು ಉಳಿದವು.