ಸಂಗೀತದ ಮೇಷ್ಟರ ಎರಡನೆಯ ವಿದ್ಯೆ

ಸಂಗೀತ ಕಲಿಸುವವರ ಮುಂದೆ ಯಂತ್ರದ ಹೆಸರೆತ್ತಿದರೆ ಅವರಿಗೆ ಮುನಿಸು ಬರುವುದು ಹೊಸದಲ್ಲ. ನಾದವು ಗುರುಮುಖದಿಂದ ಬರತಕ್ಕದ್ದು, ತಂತಿ ಗುಂಡಿಗಳಿಂದ ಬರುವುದು ಬರಿಯ ಸದ್ದು ಎಂದು ಅವರ ವಾದ. ವೀಣೆಗೂ ತಂತಿಯುಂಟೆಂಬುದನ್ನು ಆ ಗಳಿಗೆಗೆ ಅವರು ಮರೆತಿರುತ್ತಾರೆ. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಮ್ಮ ಸೀಮೆಯ ಚರಿತ್ರೆ ಅದಕ್ಕೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ. ತಿರುಮಕೂಡಲು ಚೌಡಯ್ಯನವರು (1895–1967) ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಹೂಡಿದ್ದು ಶೋಕಿಗಾಗಿ ಅಲ್ಲ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು. ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಸಂದದ್ದೂ ಮೈಸೂರಿನ ಒಂದು ಮನೆಯಿಂದ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಪ್ರಸಾರಯಂತ್ರವನ್ನಿಟ್ಟುಕೊಂಡು ಅದನ್ನು ಆರಂಭಿಸಿದರು. ಮನಸ್ಸನ್ನು ಬಲ್ಲ ಒಬ್ಬ ಉಪಾಧ್ಯಾಯನಿಗೆ ಈ ಯೋಚನೆ ಬಂದದ್ದು ಆಕಸ್ಮಿಕವಿರಲಾರದು.

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದು ನಮ್ಮ ಹರವೆಯ ಕಡೆಯ ಒಬ್ಬ ಸಂಗೀತದ ಮೇಷ್ಟರ ವಿಷಯವನ್ನು ಬರೆಯುವುದಕ್ಕೆ. ಹೆಸರು ಬೇಡವೆಂದು ಅವರು ಕಟ್ಟುನಿಟ್ಟು ಮಾಡಿರುವುದರಿಂದ ಮೇಷ್ಟರೆಂದೇ ಕರೆಯುತ್ತೇನೆ. ಹರವೆ ಚಾಮರಾಜನಗರ ತಾಲ್ಲೂಕಿಗೆ ಸೇರಿದ್ದು, ಗುಂಡ್ಲುಪೇಟೆಯ ಸೀಮೆಗೆ ಹೊಂದಿಕೊಂಡದ್ದು. ಮಂಟೇಸ್ವಾಮಿಯ ನೀಲಗಾರರೂ ಮಾದೇಶ್ವರನ ಕಂಸಾಳೆಯವರೂ ಹಾಡುತ್ತ ಬಂದ ನೆಲ ಇದು. ಇಲ್ಲಿ ಕರ್ನಾಟಕ ಸಂಗೀತದ ಸರಳೆವರಸೆಯನ್ನು ಕಲಿಸುತ್ತ ಕುಳಿತವರ ಪಾಡು ಅಷ್ಟು ಸುಖದ್ದಲ್ಲ. ಮಕ್ಕಳು ಬರುತ್ತಾರೆ, ಗೀತೆಯವರೆಗೆ ಕಲಿಯುತ್ತಾರೆ, ಹತ್ತನೆಯ ತರಗತಿ ಬಂದೊಡನೆ ನಿಂತುಬಿಡುತ್ತಾರೆ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲರಂತೆ ಮೇಷ್ಟರೂ ಫೋನು ಹಿಡಿದರು. ಪಾಠ ಕೆಟ್ಟಿತು. ಇವರು ತಾಳ ಹಾಕಿದರೆ ಮಗು ಹಿಂದೆ ಬೀಳುತ್ತಿತ್ತು. ಮಗುವಿಗಾಗಿ ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಇನ್ನೂ ಸೋಜಿಗವೆಂದರೆ, ಇವರು ಹೂಡಿದ ತಂಬೂರಿಯ ಶ್ರುತಿ ಆ ತುದಿಯಲ್ಲಿ ಕೇಳಿಸುತ್ತಲೇ ಇರಲಿಲ್ಲ. ಬೇರೊಬ್ಬರಾಗಿದ್ದರೆ ಯಂತ್ರವನ್ನು ಶಪಿಸಿ ಸುಮ್ಮನಾಗುತ್ತಿದ್ದರು. ಮೇಷ್ಟರಿಗೆ ಹಟ ಹತ್ತಿತು. ಐವತ್ತರ ಹತ್ತಿರದ ವಯಸ್ಸಿನಲ್ಲಿ, ಮನೆಯಿಂದಲೇ ಓದುವ ಶೈಕ್ಷಣಿಕ ತಂತ್ರಜ್ಞಾನದ ಒಂದು ಡಿಪ್ಲೊಮಕ್ಕೆ ಹಣ ಕಟ್ಟಿದರು.

ಈ ‘ಶೈಕ್ಷಣಿಕ ತಂತ್ರಜ್ಞಾನ’ವೆಂಬ ಹೆಸರು ನನ್ನ ಕಿವಿಗೆ ಒರಟೆಂದೇ ಕೇಳುತ್ತದೆ. ಆದರೂ ತಂತ್ರ, ತಂತ್ರಿ, ತಂತು ಈ ಮೂರೂ ಹಿಗ್ಗಿಸುವ ಅರ್ಥದ ‘ತನ್’ ಧಾತುವಿನಿಂದ ಹುಟ್ಟಿದವು ಎಂದು ನಾನು ಹೇಳಿದಾಗ ಮೇಷ್ಟರು ಮಗುವಿನಂತೆ ಸಂತೋಷಪಟ್ಟರು.

ತಂಬೂರಿ ಮಾಯವಾದುದರ ಗುಟ್ಟು ಮೊದಲು ಒಡೆಯಿತು. ಫೋನಿನ ತಂತ್ರಾಂಶ ಮಾತಿಗಾಗಿ ಮಾಡಿದ್ದು. ಏರಿಳಿತವಿಲ್ಲದೆ ಒಂದೇ ಸಮನೆ ಮೊರೆಯುವುದೆಲ್ಲ ಅದಕ್ಕೆ ಗದ್ದಲ. ಪಂಕದ ಸದ್ದನ್ನು ಹೇಗೆ ಒರೆಸಿಹಾಕುತ್ತದೆಯೋ ಹಾಗೆಯೇ ಷಡ್ಜ ಪಂಚಮಗಳನ್ನೂ ಒರೆಸಿಹಾಕುತ್ತದೆ. ನಮ್ಮ ಸಂಗೀತಕ್ಕೆ ಆಧಾರವಾದದ್ದೇ ಅದಕ್ಕೆ ಕಸವಾಯಿತು! ಪರಿಹಾರ ಸುಲಭವಿತ್ತು. ಶ್ರುತಿಯನ್ನು ಮಗುವಿನ ಮನೆಯಲ್ಲೇ ಹೂಡಿಸಿದರಾಯಿತು. ಬೆಂಗಳೂರಿನ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದ ಮೇಲೆ ಅಂಥ ಶ್ರುತಿ ಮನೆಮನೆಗೂ ಬಂದಿದೆ. ಈಗ ಫೋನಿನೊಳಗೇ ದೊರೆಯುತ್ತದೆ.

ತಾಳದ ತೊಡಕು ಅಷ್ಟು ಸುಲಭದ್ದಲ್ಲ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 10 ಮೀಟರು ಆಚೆ ಕುಳಿತವನ ಹಾಡು ನಮ್ಮನ್ನು ಮುಟ್ಟಲು ಸೆಕೆಂಡಿನಲ್ಲಿ ಮೂವತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ ಹೊತ್ತು ಬೇಕು. ಅಷ್ಟನ್ನು ಪಕ್ಕವಾದ್ಯದವರು ಹೇಗೋ ಸಹಿಸಿಕೊಂಡಾರು. ಅಂತರ್ಜಾಲದ ದಾರಿಯಲ್ಲಿ ಆಗುವ ತಡ ಅನೇಕ ವೇಳೆ ಅದರ ಐದಾರು ಪಟ್ಟು. ಎಂದರೆ, ಗುರು ಶಿಷ್ಯರು ಎದುರುಬದುರಾಗಿ ಅಲ್ಲ, ಒಂದು ಹೊಲದ ಎರಡು ಬದುಗಳ ಮೇಲೆ ಕುಳಿತು ಕೂಗಿಕೊಂಡು ಹಾಡಿದಂತಾಯಿತು. ಒಟ್ಟಿಗೆ ಹಾಡುವ ಆಸೆಯನ್ನು ಬಿಡಲೇಬೇಕು. ಹಾಗಾದರೆ ಕಲಿಸುವುದೆಂತು?

ಇಲ್ಲಿ ಮೇಷ್ಟರಿಗೆ ನೆರವಾದದ್ದು ಪಠ್ಯಪುಸ್ತಕವಲ್ಲ, ನೀಲಗಾರರು. ಮುಂದಾಳು ಒಂದು ಸೊಲ್ಲನ್ನು ಹಾಡಿ ಬಿಡುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿದೆತ್ತುತ್ತಾರೆ. ಪುಸ್ತಕವಿಲ್ಲದೆ ರಾತ್ರಿಯಿಡೀ ನಡೆಯುವ ಕಾವ್ಯ ಹೀಗೆಯೇ ಕಂಠದಿಂದ ಕಂಠಕ್ಕೆ ಬಂದದ್ದು. ಮೇಷ್ಟರು ಒಂದೊಂದು ಆವರ್ತವನ್ನು ಹಾಡಿ, ಅಷ್ಟೇ ಕಾಲ ಮೌನವನ್ನು ಬಿಟ್ಟು, ಮತ್ತೆ ಮುಂದಿನದನ್ನು ಹಾಡಿ ಧ್ವನಿಮುದ್ರಿಸಿದರು. ಮಕ್ಕಳು ಆ ಮೌನದಲ್ಲಿ ಹಾಡಿ, ತಮ್ಮ ಹಾಡನ್ನು ಮುದ್ರಿಸಿ ಹಿಂದಕ್ಕೆ ಕಳುಹಿಸಿದರು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಶಾಲೆಗಳು ತೆರೆದ ಮೇಲೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಸೂಕ್ಷ್ಮಬೋಧನೆ’ಯನ್ನು ನಮ್ಮ ಬಿ.ಎಡ್. ವಿದ್ಯಾರ್ಥಿಗಳೆಲ್ಲ ಬಲ್ಲರು. ಪುಟ್ಟದೊಂದು ಪಾಠ ಮಾಡುವುದು, ಅದರ ಚಿತ್ರಮುದ್ರಣವನ್ನು ನೋಡುವುದು, ತಿದ್ದಿಕೊಂಡು ಮತ್ತೆ ಮಾಡುವುದು. ಡಿಪ್ಲೊಮದ ಅಭ್ಯಾಸಕ್ಕೆಂದು ಮೇಷ್ಟರು ತಮ್ಮ ತರಗತಿಯನ್ನು ಮುದ್ರಿಸಿ ಮನೆಯಲ್ಲಿ ಕುಳಿತು ಕೇಳಿದರು. ಮರುದಿನ ನನ್ನಲ್ಲಿಗೆ ಬಂದವರ ಮುಖ ಬಾಡಿತ್ತು.

“ಸ್ವಾಮಿ, ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ನಾನೇ ಹಾಡಿದ್ದೀನಿ. ಮೂಲೇಲಿ ಕೂತ ಆ ಹುಡುಗಿ ಒಂದೇ ಸಲ ಬಾಯಿ ಬಿಟ್ಟಿದ್ದಾಳೆ. ಅವಳಿಗೆ ಶ್ರುತಿಜ್ಞಾನ ಇಲ್ಲ ಅಂತ ಅವಳ ತಾಯಿಗೆ ನಾನೇ ಹೇಳಿದ್ದೆ.”

ನಾನು ಏನೂ ಹೇಳಲಿಲ್ಲ. ಇಪ್ಪತ್ತು ವರ್ಷದ ಅನುಭವ ಒಂದು ರಾತ್ರಿಯಲ್ಲಿ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡಾಗ ಹತ್ತಿರದವರು ಸುಮ್ಮನಿರುವುದೇ ಲೇಸು. ಆಮೇಲೆ ಆ ಹುಡುಗಿಯ ಹಳೆಯ ಧ್ವನಿಮುದ್ರಣಗಳನ್ನು ಇಬ್ಬರೂ ಕೇಳಿದೆವು. ಒಬ್ಬಳೇ, ತನ್ನ ಮನೆಯಲ್ಲಿ, ಯಾರೂ ನೋಡದಿದ್ದಾಗ ಅವಳು ಮಾಯಾಮಾಳವಗೌಳದ ಗಾಂಧಾರದಲ್ಲಿ ಅಲುಗದೆ ನಿಂತಿದ್ದಳು. ತರಗತಿಯಲ್ಲಿ ಅವಳನ್ನು ಹೆದರಿಸಿದ್ದು ಸ್ವರವಲ್ಲ.

ಯಂತ್ರದ ವಿಷಯದಲ್ಲಿ ಮೇಷ್ಟರ ಉತ್ಸಾಹಕ್ಕೆ ನಾನು ಪೂರ್ತಿ ಒಪ್ಪಿದವನಲ್ಲ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಬೋಧನಯಂತ್ರವನ್ನು ಪ್ರತಿಪಾದಿಸಿದ. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದನ್ನು ಸರಿಯಾಗಿ ಹತ್ತಿದ ಮೇಲೆಯೇ ಇನ್ನೊಂದನ್ನು ತೋರಿಸಬೇಕೆಂದ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ, ಜಂಟಿ, ಅಲಂಕಾರ, ಗೀತೆಗಳ ಕ್ರಮವೂ ಇದೇ ಅಲ್ಲವೆ ಎಂದು ಮೇಷ್ಟರು ಕೇಳುತ್ತಾರೆ. ಹೌದು, ಮೆಟ್ಟಿಲುಗಳು ಒಂದೇ. ಆದರೆ ಸ್ಕಿನ್ನರನ ಯಂತ್ರಕ್ಕೆ ಸರಿ, ತಪ್ಪು ಎರಡೇ ಗೊತ್ತು. ‘ಆಗಲಿಲ್ಲ, ಆದರೆ ಆಗುತ್ತದೆ’ ಎಂಬ ಮೂರನೆಯ ತೀರ್ಪು ಗುರುವಿನದು.

ಒಂದು ಕಡೆ ಮಾತ್ರ ನಾನು ಯಂತ್ರಕ್ಕೆ ತಲೆಬಾಗಿದೆ. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ತಂತ್ರಾಂಶದಲ್ಲಿ ಮೇಷ್ಟರು ತೋಡಿಯನ್ನು ಹಾಡಿದರು. ಪುಸ್ತಕದಲ್ಲಿ ‘ಗ’ ಎಂದು ಒಂದೇ ಅಕ್ಷರವಿರುವೆಡೆ ಪರದೆಯ ಮೇಲೆ ಅಲೆಯ ಮೇಲೆ ಅಲೆ; ಗೆರೆ ಆ ಸ್ವರದ ನೆಲೆಯಲ್ಲಿ ನಿಂತದ್ದೇ ಅಪರೂಪ. ಸ್ವರಲಿಪಿ ಎಷ್ಟನ್ನು ಬಿಟ್ಟಿದೆ ಎಂಬುದು ಕಣ್ಣಿಗೆ ಕಂಡಿತು.

ನಮ್ಮ ಜಿಲ್ಲೆಗೆ ತಂತ್ರಜ್ಞಾನದ ಭಾಗ್ಯ ಹಿಂದೆಯೂ ಒದಗಿತ್ತು. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಆದರೆ ಶಾಲೆಗಳಲ್ಲಿದ್ದದ್ದು ಗ್ರಹಿಸುವ ಉಪಕರಣ ಮಾತ್ರ. ಮೇಲಿಂದ ಪಾಠ ಇಳಿಯುತ್ತಿತ್ತು, ಮಗುವಿನ ಧ್ವನಿ ಮೇಲಕ್ಕೆ ಹೋಗುತ್ತಿರಲಿಲ್ಲ. ಉಪಗ್ರಹ 2010ರಲ್ಲಿ ನಿವೃತ್ತವಾಯಿತು. ಮೇಷ್ಟರ ಕೈಯಲ್ಲಿರುವ ಅಗ್ಗದ ಫೋನು ಆ ಉಪಗ್ರಹಕ್ಕಿಂತ ಒಂದು ವಿಷಯದಲ್ಲಿ ಮೇಲು: ಅದು ಕೇಳಿಸಿಕೊಳ್ಳುತ್ತದೆ.

ಈಗ ಅವರ ತರಗತಿಯಲ್ಲಿ ಹೊಸ ಮಕ್ಕಳಿಗೆ ಮೊದಲ ಮೂರು ತಿಂಗಳು ಫೋನಿಗೆ ಪ್ರವೇಶವಿಲ್ಲ. ಮರದ ತಂಬೂರಿಯ ಮುಂದೆಯೇ ಕೂರಬೇಕು. ಆಮೇಲೆ ವಾರಕ್ಕೊಂದು ಧ್ವನಿಮುದ್ರಣ. ಮೂಲೆಯ ಹುಡುಗಿ ಮುಂದಿನ ಸಾಲಿಗೆ ಬಂದಿದ್ದಾಳೆ. ಈ ವರ್ಷ ಜೂನಿಯರ್ ಪರೀಕ್ಷೆಗೆ ಕಟ್ಟಿದ್ದಾಳೆ. ತಾಳದಲ್ಲಿ ಇನ್ನೂ ಸ್ವಲ್ಪ ಆತುರ ಮಾಡುತ್ತಾಳೆಂದು ಮೇಷ್ಟರ ದೂರು.