ಸಂಗೀತದ ಟೀಚರ್ ನಿವೃತ್ತರಾದರೆ ಹಾಡಿಗೂ ನಿವೃತ್ತಿಯೆ?

ಮಗಳು ಶಾಲೆಯಿಂದ ಬಂದವಳೇ ಚೀಲ ಮೂಲೆಗಿಟ್ಟು, "ಅಮ್ಮಾ, ನಮ್ಮ ಮ್ಯೂಸಿಕ್ ಮಿಸ್ ರಿಟೈರ್ ಆಗ್ತಾರಂತೆ" ಎಂದು ಮುಖ ಸಣ್ಣದು ಮಾಡಿಕೊಂಡರೆ ನೀವೇನು ಹೇಳುತ್ತೀರಿ? "ಆಗಲಿ ಬಿಡೇ, ಬೇರೆಯವರು ಬರ್ತಾರೆ" ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತೀರಿ, ಅಲ್ಲವೇ? ಆದರೆ ಬೇರೆಯವರು ಬರುವುದು ಅಷ್ಟು ಸುಲಭವಲ್ಲ, ಸೋದರಿಯರೇ. ಗಣಿತದ ಮೇಷ್ಟ್ರು ಇಲ್ಲವೆಂದರೆ ಊರೇ ಗದ್ದಲ ಮಾಡೀತು. ಸಂಗೀತದ ಟೀಚರ್ ಇಲ್ಲವೆಂದರೆ, ಆ ಪೀರಿಯಡ್ಡನ್ನೂ ಗಣಿತಕ್ಕೇ ಕೊಡಲಿ ಎನ್ನುವ ತಾಯಂದಿರು ನಮ್ಮಲ್ಲೇ ಇದ್ದಾರೆ!

ಇನ್ನೊಂದು ವಿಚಾರ ನೋಡಿ. ಕರ್ನಾಟಕದಲ್ಲಿ ಸರ್ಕಾರಿ ಶಿಕ್ಷಕರು ನಿವೃತ್ತರಾಗುವುದು 60 ವರ್ಷಕ್ಕೆ. ಹಿಂದೆಲ್ಲ ಹುಟ್ಟಿದ ತಾರೀಖು ಸರಿಯಾಗಿ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಬಿಡುವ ರೂಢಿಯಿತ್ತು. ಹಾಗೆ ಬರೆಸಿಕೊಂಡವರ ಸೇವೆ ಮೇ 31ಕ್ಕೆ ಮುಗಿಯುತ್ತದೆ. ಆಗಿನ್ನೂ ಬೇಸಿಗೆ ರಜೆಯ ಗುಂಗು. ಹಾರ, ಶಾಲು, ಫಲತಾಂಬೂಲ ಎಲ್ಲ ಸಹೋದ್ಯೋಗಿಗಳಿಂದ ಸಲ್ಲುತ್ತದೆ. ಯಾರ ಕಂಠವನ್ನು ಅವರು ತಿದ್ದಿದರೋ ಆ ಮಕ್ಕಳು ಮಾತ್ರ ಅಜ್ಜಿಯ ಊರಿನಲ್ಲಿ ಮಾವಿನಹಣ್ಣು ತಿನ್ನುತ್ತಿರುತ್ತಾರೆ. ಆದ್ದರಿಂದ ನಿಮ್ಮೂರಿನ ಟೀಚರ್ ಇಂಥ ಹೊತ್ತಿನಲ್ಲಿ ಹೊರಡುವವರಾದರೆ, ಮಕ್ಕಳ ಬೀಳ್ಕೊಡುಗೆಯನ್ನು ವಾರ್ಷಿಕ ಪರೀಕ್ಷೆಗೆ ಮೊದಲೇ ಇಟ್ಟುಕೊಳ್ಳುವಂತೆ ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಹೇಳಿ.

ನಮ್ಮೂರಿನ ಶಾಲೆಯಲ್ಲಿ ಹಾಗೇ ಮಾಡಿದರು. ಸಂಗೀತ ಸಂಘದ ಮಕ್ಕಳು ಸಾಲಾಗಿ ನಿಂತು ಹಾಡಿದ ಮೇಲೆ ಟೀಚರ್ ಎದ್ದು ನಿಂತರು. ದೊಡ್ಡ ಭಾಷಣವೇನೂ ಇಲ್ಲ. "ಹಾರ ಹಾಕಿದ್ರಿ, ಸಂತೋಷ. ಸೋಮವಾರ ಪ್ರಾರ್ಥನೆಗೆ ಶ್ರುತಿ ಹಿಡಿಯೋರು ಯಾರು? ಅದನ್ನ ಹೇಳಿ, ನಾನು ನೆಮ್ಮದಿಯಿಂದ ಹೋಗ್ತೀನಿ" ಅಂದರು. ಸಭೆ ಗಪ್‌ಚಿಪ್! ಕೊನೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಕೈಯೆತ್ತಿದಳು. ಟೀಚರ್ ಹಾರ್ಮೋನಿಯಂ ಪೆಟ್ಟಿಗೆಯ ಬೀಗದ ಕೈಯನ್ನು ಅವಳ ಕೈಗಿಟ್ಟರು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಮರುದಿನ ಆ ಹುಡುಗಿಯ ತಾಯಿ ಬೀಗದ ಕೈ ವಾಪಸು ತಂದರು. "ಬರೋ ವರ್ಷ ಎಸ್ಸೆಸ್ಸೆಲ್ಸಿ ಟೀಚರ್, ಹಾಡು ಗೀಡು ಸಾಕು" ಎಂದರು. ಅವರನ್ನು ದೂರಬೇಡಿ, ನಮ್ಮ ನಿಮ್ಮ ಮನೆಯ ಮಾತೂ ಅದೇ. ಟೀಚರ್ ವಾದ ಮಾಡಲಿಲ್ಲ. "ದಿನಕ್ಕೆ ಹತ್ತು ನಿಮಿಷ ಕೊಡಿ ತಾಯಿ. ಓದು ಕೆಟ್ಟರೆ ನೀವೇ ನಿಲ್ಲಿಸಿ" ಎಂದರಷ್ಟೆ. ತಾಯಿ ಒಪ್ಪಿದರು, ಅರೆಮನಸ್ಸಿನಿಂದಲೇ ಅನ್ನಿ. ಈಗ ಪ್ರಾರ್ಥನೆಗೆ ಶ್ರುತಿ ಹಿಡಿಯುವವಳು ಆ ಹುಡುಗಿಯೇ.

ಗುರು ಹೋದರೂ ಹಾಡು ನಿಲ್ಲದು ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾಕ್ಷಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಲು ಕಟ್ಟಿದ ಮನೆ ಅದು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿರಲಿಲ್ಲ. 2010ರಲ್ಲಿ ಕಣ್ಮುಚ್ಚುವವರೆಗೂ ಅವರು ಅದನ್ನು ನಡೆಸಿದರು. ಅಲ್ಲಿ ಕಲಿತವರು ಎಷ್ಟೋ ಊರುಗಳಲ್ಲಿ ಸಂಗೀತ ಕಲಿಸುವವರಾದರು. ಶಾಲೆಯ ಪುಟ್ಟ ಸಂಘಕ್ಕೂ ಬೇಕಾದದ್ದು ಇಷ್ಟೇ: ಹೊರಡುವವರು ಹೊರಡುವ ಮುನ್ನ ಒಬ್ಬರನ್ನು ತಯಾರು ಮಾಡುವುದು.

ಇದಕ್ಕೆ ತಾಯಂದಿರು ಏನು ಮಾಡಬಹುದು? ಕೆಲವು ಸಲಹೆಗಳು:

1. ಟೀಚರ್ ಇರುವಾಗಲೇ ಒಂದು ದಪ್ಪ ನೋಟುಬುಕ್ಕಿನಲ್ಲಿ ಸಂಘದ ಹಾಡುಗಳನ್ನೆಲ್ಲ ಬರೆಸಿ. ಸಾಹಿತ್ಯ ಮಾತ್ರ ಸಾಲದು. ರಾಗ, ತಾಳ, ಎಷ್ಟು ಕಟ್ಟೆ ಶ್ರುತಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೂ ಇರಲಿ.

2. ಪ್ರತಿ ಹಾಡನ್ನೂ ಅವರ ಕಂಠದಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಾಗದಕ್ಕೆ ಬಾರದ ಗಮಕ ಅದರಲ್ಲಿ ಉಳಿಯುತ್ತದೆ. ಒಬ್ಬರ ಮೊಬೈಲಿನಲ್ಲಷ್ಟೇ ಅಲ್ಲ, ಮೂರು ನಾಲ್ಕು ಮನೆಗಳಲ್ಲಿ ಇರಲಿ.

3. ನಾಡಗೀತೆಯನ್ನು ಮೊದಲು ಗಟ್ಟಿ ಮಾಡಿಸಿ. ಕುವೆಂಪು ಅವರ ಈ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತು ಮಾಡಿದೆ. ಗಡಿಯಾರ ನೋಡಿ ಅಭ್ಯಾಸ ಮಾಡಲಿ.

4. ಹನ್ನೆರಡು, ಹದಿಮೂರು ದಾಟಿದ ಗಂಡುಹುಡುಗರ ದನಿ ಒಡೆದರೆ ನಗಬೇಡಿ, ಸಂಘ ಬಿಡಿಸಲೂ ಬೇಡಿ. ಗಂಟಲಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವ ಕಾಲವದು. ಮೇಲಿನ ಸ್ಥಾಯಿಗೆ ಬಲವಂತ ಮಾಡದೆ ಕೆಳಗಿನ ಶ್ರುತಿಯಲ್ಲಿ ಹಾಡಲಿ. ಅದೂ ಕಷ್ಟವೆಂದರೆ ತಾಳ ಹಾಕುವ ಕೆಲಸ ಕೊಡಿ.

5. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಕೇಳಿ: ವಾರಕ್ಕೆ ಒಂದು ಪೀರಿಯಡ್ ಹಾಡಿಗೇ ಉಳಿಯಲಿ. ಊರಿನಲ್ಲಿ ಸಂಗೀತ ಬಲ್ಲ ಗೃಹಿಣಿಯರು ಇಲ್ಲದಿಲ್ಲ. ಮದುವೆಗೆ ಮೊದಲು ಸರಳೆ, ಜಂಟಿವರಸೆ ಕಲಿತು ತಂಬೂರಿಗೆ ಗವಸು ಹೊದಿಸಿಟ್ಟವರು ನಿಮ್ಮ ಓಣಿಯಲ್ಲೇ ಇದ್ದಾರು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅವರು ಶನಿವಾರ ಒಂದು ಗಂಟೆ ಬರಬಾರದೇಕೆ?

ಇನ್ನು ಉಡುಗೊರೆಯ ಮಾತು. ಬೆಳ್ಳಿ ತಟ್ಟೆ, ಗೋಡೆ ಗಡಿಯಾರ ಅವರ ಮನೆಯಲ್ಲಿ ಈಗಾಗಲೇ ಇದ್ದೀತು. ಹಳೆಯ ಹುಡುಗಿಯರಿಂದ ಒಂದೊಂದು ಪುಟ ಬರೆಸಿ ಹೊಲಿದು ಪುಸ್ತಕ ಮಾಡಿಕೊಡಿ. ಟೀಚರ್ ಕಲಿಸಿದ ಯಾವ ಹಾಡನ್ನು ಈಗ ಎಲ್ಲಿ ಹಾಡುತ್ತೇನೆ, ತೊಟ್ಟಿಲು ತೂಗುವಾಗಲೋ, ಅಡುಗೆ ಮನೆಯಲ್ಲೋ, ಅಷ್ಟೇ ಬರೆದರೆ ಸಾಕು. ಖರ್ಚು ಕಡಿಮೆ, ತೃಪ್ತಿ ಹೆಚ್ಚು.

ನಿವೃತ್ತರಾದ ಟೀಚರನ್ನು ನಿಮ್ಮ ಮನೆಯ ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಮಾತ್ರ ಮರೆಯಬೇಡಿ. ಬಂದವರಿಗೆ ಕಾಫಿ ಕೊಟ್ಟು, ಮಗಳಿಂದ ಒಂದು ಹಾಡು ಹೇಳಿಸಿ. ತಪ್ಪಿದರೆ ತಿದ್ದುತ್ತಾರೆ. ಆ ತಿದ್ದುವ ಸಂತೋಷಕ್ಕೆ ನಿವೃತ್ತಿ ವಯಸ್ಸಿಲ್ಲ, ಏನಂತೀರಿ?