ಚಳ್ಳಕೆರೆಯ ಬಿಡಿ ಎಣ್ಣೆಯ ವ್ಯಾಪಾರವೂ ಮರುತುಂಬುವ ಅಂಗಡಿಗಳೂ

ಕೊಳ್ಳುವವನು ತನ್ನ ಪಾತ್ರೆಯನ್ನು ತಾನೇ ತಂದು, ಬೇಕಾದಷ್ಟು ಪದಾರ್ಥವನ್ನು ಅಳೆಯಿಸಿಕೊಂಡು, ಅಳತೆಗೆ ತಕ್ಕ ಬೆಲೆಯನ್ನು ತೆತ್ತು ಹೋಗುವ ಅಂಗಡಿಗಳು ಈಚಿನ ವರ್ಷಗಳಲ್ಲಿ ಮಹಾನಗರಗಳಲ್ಲಿ ತಲೆಯೆತ್ತಿವೆ. ಲಂಡನ್ನಿನಲ್ಲಿ 2006ರಲ್ಲಿ ‘ಅನ್‌ಪ್ಯಾಕೇಜ್ಡ್’ ಎಂಬುದೂ ಬರ್ಲಿನ್ನಿನಲ್ಲಿ 2014ರಲ್ಲಿ ‘ಒರಿಜಿನಲ್ ಉನ್‌ಫರ್ಪಾಕ್ಟ್’ ಎಂಬುದೂ ತೆರೆದುವು; ಬೆಂಗಳೂರಿನಲ್ಲಿಯೂ ಈಗ ಇಂಥ ಅಂಗಡಿಗಳುಂಟು. ಮನೆಗೆ ತಂದ ಪದಾರ್ಥದ ಹಿಂದೆ ಕಸವೊಂದೂ ಉಳಿಯಬಾರದೆಂಬುದು ಇವುಗಳ ಧ್ಯೇಯ. ಇವನ್ನು ಮರುತುಂಬುವ ಅಂಗಡಿಗಳೆಂದು ಕರೆಯಬಹುದು. ಇವು ಹೊಸ ಕಾಲದ ಹೊಸ ಏರ್ಪಾಡೆಂದು ಪ್ರಶಂಸಿತವಾಗುತ್ತಿವೆ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರಿಗೆ ಈ ಕ್ರಮ ಹೊಸದಲ್ಲ; ಎಣ್ಣೆಯ ಮಟ್ಟಿಗಂತೂ ಒಂದೆರಡು ತಲೆಮಾರುಗಳ ಹಿಂದೆ ಇದೇ ಇಲ್ಲಿಯ ರೂಢಿಯಾಗಿತ್ತು. ಆ ಬಿಡಿ ಎಣ್ಣೆಯ ವ್ಯಾಪಾರ ಹೇಗೆ ನಡೆಯುತ್ತಿತ್ತು, ಯಾವ ಆಧಾರದ ಮೇಲೆ ನಿಂತಿತ್ತು, ಏತಕ್ಕೆ ಕುಸಿಯಿತು, ಅದರಿಂದ ಇಂದಿನ ಅಂಗಡಿಗಳು ಏನನ್ನು ಅರಿಯಬೇಕು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಇಲ್ಲಿಯ ಹಗುರವಾದ ಕೆಂಪು ಭೂಮಿಗೂ ಅಲ್ಪ ಮಳೆಗೂ ಒಗ್ಗಿಕೊಂಡ ಬೆಳೆಯೆಂದರೆ ನೆಲಗಡಲೆ, ಜನರ ಮಾತಿನಲ್ಲಿ ಶೇಂಗಾ. ಪೂರ್ವದ ಗಡಿಯಾಚೆಗಿರುವ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯೂ ಇದೇ ಬೆಳೆಯ ಸೀಮೆ. ಬೀಜ ಬೆಳೆಯುವಲ್ಲಿಯೇ ಅದನ್ನು ಹಿಂಡುವ ಗಿರಣಿಗಳು ಒಂದರ ಪಕ್ಕಕ್ಕೊಂದು ಎದ್ದುದರಿಂದ ಚಳ್ಳಕೆರೆಗೆ ‘ಎಣ್ಣೆ ನಗರ’ವೆಂದೂ ಎಣ್ಣೆಯ ವಹಿವಾಟಿನಲ್ಲಿ ‘ಎರಡನೆಯ ಮುಂಬಯಿ’ಯೆಂದೂ ಹೆಸರು ಬಂದಿತು. ಹೊಲ, ಗಿರಣಿ, ಅಂಗಡಿ, ಅಡಿಗೆಮನೆ ಈ ನಾಲ್ಕೂ ಕೆಲವೇ ಹರದಾರಿಗಳ ಒಳಗೆ ಇದ್ದುವೆಂಬುದು ಮುಂದಿನ ವಿಚಾರಕ್ಕೆ ಮುಖ್ಯವಾದ ಸಂಗತಿ.

ಎಣ್ಣೆಯನ್ನು ಅಳೆದು ಕೊಡುವ ಪದ್ಧತಿ ಗಿರಣಿಗಳಿಗಿಂತ ಬಹಳ ಹಳೆಯದು. ‘ಎಣ್ಣೆ’ ಎಂಬ ಪದವೇ ‘ಎಳ್ಳು’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ಆದುದು. ದಕ್ಷಿಣ ಅಮೆರಿಕದ ಮೂಲದ ನೆಲಗಡಲೆ ಬರುವ ಮುನ್ನ ಎಳ್ಳೇ ಇಲ್ಲಿ ಮುಖ್ಯವಾದ ಎಣ್ಣೆಕಾಳಾಗಿತ್ತೆಂಬುದಕ್ಕೆ ಈ ಪದವೇ ಕುರುಹು. ಕನ್ನಡ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗೆಂದು ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಹೇರಳವಾಗಿವೆ. ಎಣ್ಣೆಯ ವೃತ್ತಿಯವರಾದ ತೆಲ್ಲಿಗರ ಸಂಘಗಳ ಉಲ್ಲೇಖಗಳೂ ಉಂಟು. ಗಾಣ, ಅಳತೆಯ ಪಾತ್ರೆ, ಅದಕ್ಕೆ ಹೊಣೆಯಾದ ಒಂದು ಸಮುದಾಯ ಈ ಮೂರೂ ಅಂದಿಗೇ ಒಟ್ಟಾಗಿ ಕಾಣುವುವು.

ಇಪ್ಪತ್ತನೆಯ ಶತಮಾನದ ಚಿಲ್ಲರೆ ಅಂಗಡಿಯಲ್ಲಿ ವ್ಯಾಪಾರ ನಡೆಯುತ್ತಿದ್ದ ಬಗೆ ಸರಳವಾದುದು. ಗಿರಣಿಯಿಂದ ಬಂದ ಎಣ್ಣೆ ಪೀಪಾಯಿಯಲ್ಲಿಯೋ ತಗಡಿನ ಡಬ್ಬದಲ್ಲಿಯೋ ಇರುತ್ತಿತ್ತು. ಕೊಳ್ಳುವವರು ಮನೆಯಿಂದ ಗಿಂಡಿ, ಕುಡಿಕೆ ಅಥವಾ ಸೀಸೆಯನ್ನು ತರುತ್ತಿದ್ದರು. ಅಂಗಡಿಯವನು ಉದ್ದ ಹಿಡಿಯುಳ್ಳ ತಗಡಿನ ಅಳತೆಯನ್ನು ಎಣ್ಣೆಯಲ್ಲಿ ಅದ್ದಿ, ತುಂಬಿದುದನ್ನು ಎದುರಿಗೇ ತೋರಿಸಿ, ಲಾಳಿಕೆಯ ಮೂಲಕ ಪಾತ್ರೆಗೆ ಸುರಿಯುತ್ತಿದ್ದನು. ಅಳತೆಯ ಅಂಚಿಗೆ ಅಂಟಿ ಉಳಿದ ಎಣ್ಣೆಗೆ ಪ್ರತಿಯಾಗಿ ಕೊನೆಗೊಂದಿಷ್ಟು ಕೊಸರು ಹಾಕುತ್ತಿದ್ದನು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು ಎಂದು ಅಳತೆಗಳು ಇಳಿಯುತ್ತಿದ್ದುವು. ಅಂದಂದಿನ ಕೂಲಿಯಲ್ಲಿ ಅಂದಂದಿನ ಸಾಮಾನು ತರುವ ಮನೆಗೆ ಚಟಾಕು ಎಣ್ಣೆ ಸಿಕ್ಕುವುದೇ ದೊಡ್ಡ ಅನುಕೂಲವಾಗಿತ್ತು. ಬಿಡಿ ವ್ಯಾಪಾರದ ಮೊದಲ ಗುಣ ಇದು: ಎಷ್ಟು ಬೇಕೆಂಬುದನ್ನು ಕೊಳ್ಳುವವನು ನಿರ್ಣಯಿಸುತ್ತಿದ್ದನೇ ಹೊರತು ತಯಾರಿಸಿದವನಲ್ಲ.

ಈ ವ್ಯವಹಾರದಲ್ಲಿ ಮುದ್ರೆಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಅವುಗಳ ಕೆಲಸವನ್ನು ಪರಿಚಯ ಮಾಡುತ್ತಿತ್ತು. ಎಣ್ಣೆ ಯಾವ ಗಿರಣಿಯದು, ಬೀಜ ಯಾವ ಹಂಗಾಮಿನದು ಎಂಬುದು ಊರಿಗೆ ತಿಳಿದಿರುತ್ತಿತ್ತು. ಕೆಟ್ಟ ಎಣ್ಣೆ ಕೊಟ್ಟ ಅಂಗಡಿಯ ಸುದ್ದಿ ಸಂತೆಯೊಳಗೆ ಹಬ್ಬುತ್ತಿತ್ತು. ಹಾಗೆಂದು ಆ ಕಾಲವನ್ನು ಸತ್ಯಯುಗವೆಂದು ಭಾವಿಸಲಾಗದು. ಅಳತೆಯ ತಳವನ್ನು ಒಳಕ್ಕೆ ತಗ್ಗಿಸುವುದು, ನೊರೆಯೊಡನೆ ಅಳೆಯುವುದು ಮೊದಲಾದ ಕುಯುಕ್ತಿಗಳು ಆಗಲೂ ಇದ್ದುವು. ಅಲ್ಲದೆ ಸೇರು ಎಂಬ ಒಂದೇ ಹೆಸರು ಬೇರೆ ಬೇರೆ ಪ್ರಮಾಣಗಳನ್ನು ಸೂಚಿಸುತ್ತಿತ್ತು. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿಗಳ ತೂಕ. ಬ್ರಿಟಿಷರು ಗೊತ್ತುಮಾಡಿದ ಸೇರು 80 ತೊಲ, ಎಂದರೆ ಸುಮಾರು 933 ಗ್ರಾಂ. ಈ ಗೊಂದಲವನ್ನು ನೀಗಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಶಾಸನವಾಯಿತು. 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದು, 1962ರಲ್ಲಿ ತೂಕಗಳಿಗೆ ಕಡ್ಡಾಯವಾಯಿತು. ಅಳತೆಯ ಪಾತ್ರೆಗೂ ತೂಕದ ಬಟ್ಟಿಗೂ ಸರ್ಕಾರದ ಮುದ್ರೆ ಬಿದ್ದಮೇಲೆ ಬಿಡಿ ವ್ಯಾಪಾರದ ಒಂದು ದೋಷಕ್ಕೆ ಪರಿಹಾರ ದೊರೆತಂತಾಯಿತು. ವ್ಯಾಪಾರ ಬಿಡಿಯಾಗಿಯೇ ಉಳಿದು ಅಳತೆ ಮಾತ್ರ ಸಾರ್ವಜನಿಕ ಪರೀಕ್ಷೆಗೆ ಒಳಪಟ್ಟಿತೆಂಬುದನ್ನು ಇಲ್ಲಿ ಗಮನಿಸಬೇಕು.

ಅಳತೆಗೆ ದೊರೆತ ಪರಿಹಾರ ಶುದ್ಧಿಗೆ ದೊರೆಯಲಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯನ್ನು ಉಪಯೋಗಿಸಿದ ಸಾವಿರಾರು ಜನ ಕಾಲುಬಾವು ಬಂದು ನರಳಿದರು, ಹಲವರು ಸತ್ತರು. ಆ ಎಣ್ಣೆಗೆ ಅರ್ಜಿಮೋನ್ ಎಂಬ ಗಿಡದ ಬೀಜದೆಣ್ಣೆ ಬೆರೆತಿತ್ತು. ಹಳದಿ ಹೂವಿನ ಈ ಮುಳ್ಳುಗಿಡ ನಮ್ಮ ಬೀಳುಗಳಲ್ಲಿಯೂ ಉಂಟು. ಇದರ ಕಪ್ಪು ಬೀಜ ಸಾಸಿವೆಯನ್ನು ಹೋಲುತ್ತದೆ, ಇದರಲ್ಲಿರುವ ವಿಷಕ್ಷಾರ ರಕ್ತನಾಳಗಳನ್ನು ಕೆಡಿಸಿ ಮೈಯಲ್ಲಿ ನೀರು ತುಂಬಿಸುತ್ತದೆ. ಈ ದುರಂತದ ಬೆನ್ನಿಗೇ, ಅದೇ ವರ್ಷ, ಖಾದ್ಯ ತೈಲಗಳನ್ನು ಕಟ್ಟಿ ಮುದ್ರೆಯೊತ್ತಿಯೇ ಮಾರಬೇಕೆಂಬ ಕೇಂದ್ರ ಸರ್ಕಾರದ ಆಜ್ಞೆ ಹೊರಟಿತು. 2011ರಿಂದ ಆಹಾರ ಸುರಕ್ಷತೆಯ ನಿಯಮಾವಳಿಯಲ್ಲಿ ಬಿಡಿ ಎಣ್ಣೆಯ ಮಾರಾಟಕ್ಕೆ ನಿಷೇಧವುಂಟು. ಅಕ್ಕಿ ಬೇಳೆಗಳನ್ನು ಚೀಲ ಹಿಡಿದು ಕೊಳ್ಳಬಹುದು. ಎಣ್ಣೆಯ ಗಿಂಡಿಗೆ ಮಾತ್ರ ಕಾನೂನಿನ ತಡೆಯುಂಟು.

ನೆಲಗಡಲೆಯ ಎಣ್ಣೆ ಸಾಸಿವೆಯದಲ್ಲವಾದುದರಿಂದ ಅದಕ್ಕೆ ಈ ಭಯವಿಲ್ಲವೆಂದು ವಾದಿಸುವವರುಂಟು. ಆದರೆ ಅದಕ್ಕೂ ತನ್ನದೇ ಆದ ಅಪಾಯಗಳಿವೆ. ಅಗ್ಗದ ಎಣ್ಣೆಯನ್ನು ಬೆರಸುವುದು ಒಂದು. ಎರಡನೆಯದು ಬೂಷ್ಟು. ಕೊಯ್ಲಿನ ಕಾಲದಲ್ಲಿ ನೆನೆದ, ಸರಿಯಾಗಿ ಒಣಗದ ಬೀಜದಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1,00,000 ಟರ್ಕಿ ಕೋಳಿಗಳು ಸತ್ತಾಗ, ಅವುಗಳ ಮೇವಿನಲ್ಲಿದ್ದ ಬ್ರೆಜಿಲಿನ ಶೇಂಗಾ ಹಿಂಡಿಯನ್ನು ಪರೀಕ್ಷಿಸಿ ಈ ವಿಷವನ್ನು ಕಂಡುಹಿಡಿದರು. ಬೀಜವನ್ನು ಹಿಂಡಿದಾಗ ವಿಷದ ಬಹುಭಾಗ ಹಿಂಡಿಯಲ್ಲಿಯೇ ಉಳಿಯುತ್ತದೆ. ಸೋಸದ ಎಣ್ಣೆಯ ಚರಟದೊಡನೆ ಸ್ವಲ್ಪ ಸೇರಿಬರುವ ಸಂಭವವುಂಟು. ಆದುದರಿಂದ ಗಾಣದಿಂದ ಇಳಿದ ಮಾತ್ರಕ್ಕೆ ಎಣ್ಣೆ ಶುದ್ಧವೆನ್ನಲಾಗದು. ಬೀಜವನ್ನು ಆರಿಸಿದವರು ಯಾರು, ಹೇಗೆ ಒಣಗಿಸಿದರು ಎಂಬುದೇ ಮುಖ್ಯ.

ಇನ್ನು ಪೊಟ್ಟಣದ ಕಡೆಯನ್ನೂ ನೋಡಬೇಕು. ಅದರ ಮೇಲೆ ತಯಾರಕನ ಹೆಸರು, ತಯಾರಾದ ದಿನ, ಬೆಲೆ, ಪ್ರಮಾಣ ಇವು ಇರುತ್ತವೆ. ತಪ್ಪಿದ್ದರೆ ಹಿಡಿದು ಕೇಳಲು ಒಂದು ವಿಳಾಸವಿರುತ್ತದೆ. ದೂರದ ಬಂದರಿನಲ್ಲಿ ಇಳಿದ ತಾಳೆ ಎಣ್ಣೆ ಹಳ್ಳಿಯ ಅಂಗಡಿಗೆ ಬರುವ ಕಾಲದಲ್ಲಿ, ತಯಾರಿಸಿದವನ ಪರಿಚಯ ಕೊಳ್ಳುವವನಿಗೆ ಇರುವುದು ಅಸಾಧ್ಯ. ಆ ಪರಿಚಯದ ಸ್ಥಾನದಲ್ಲಿ ಮುದ್ರೆ ನಿಂತಿದೆ. 1994ರಲ್ಲಿ ತಾಳೆ ಎಣ್ಣೆಯ ಆಮದು ಸಡಿಲವಾದಮೇಲೆ ನೆಲಗಡಲೆಯ ಗಿರಣಿಗಳಿಗೆ ಬಿದ್ದ ಪೆಟ್ಟು ಚಳ್ಳಕೆರೆಯನ್ನೂ ತಟ್ಟಿತು, ಹಲವು ಗಿರಣಿಗಳು ಮುಚ್ಚಿದುವು. ಹೀಗೆ ಎಣ್ಣೆಯ ದಾರಿ ಉದ್ದವಾದುದೂ ಪೊಟ್ಟಣ ಬಂದುದೂ ಒಂದೇ ಕಾಲದ ಘಟನೆಗಳು.

ಆದರೆ ಮುದ್ರೆಯೂ ಪರಿಪೂರ್ಣವಲ್ಲ. ಎಣ್ಣೆ ಕಾವಿಗೆ ಹಿಗ್ಗುತ್ತದೆ. ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿ ಉಷ್ಣದಲ್ಲಿ ಸುಮಾರು 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ ತೂಗುತ್ತದೆ. ಹೆಚ್ಚಿನ ಉಷ್ಣವನ್ನು ನಮೂದಿಸಿ ಲೀಟರಿನ ಲೆಕ್ಕದಲ್ಲಿ ತುಂಬಿದರೆ ಕೊಳ್ಳುವವನಿಗೆ ತೂಕದಲ್ಲಿ ನಷ್ಟ. ಇದನ್ನು ತಪ್ಪಿಸಲು, ಉಷ್ಣವನ್ನು ನಮೂದಿಸದೆ ಪ್ರಮಾಣವನ್ನೂ ತೂಕವನ್ನೂ ಮುದ್ರಿಸಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ತಯಾರಕರಿಗೆ ಸೂಚಿಸಿತು. ಸೇರಿನ ತಳವನ್ನು ತಗ್ಗಿಸುವ ಹಳೆಯ ಯುಕ್ತಿಗೆ ಪೊಟ್ಟಣದಲ್ಲಿಯೂ ಎಡೆಯಿತ್ತೆಂಬುದು ಇದರಿಂದ ಸ್ಪಷ್ಟ.

ಪೊಟ್ಟಣ ಬಿಟ್ಟುಹೋಗುವ ಕಸ ಬೇರೆಯೇ ಸಮಸ್ಯೆ. ಹಿಂದೆ ಬರಿದಾದ ಎಣ್ಣೆಯ ಡಬ್ಬ ನೀರು ತುಂಬಲು, ಕಾಳು ಕೂಡಿಡಲು, ಮುಚ್ಚಳ ಕತ್ತರಿಸಿ ಒಲೆಯಾಗಲು, ಕೊನೆಗೆ ಬಿಡಿಸಿ ಮಾಡಿನ ತಗಡಾಗಲು ಒದಗುತ್ತಿತ್ತು. ಸೀಸೆಗೆ ಗುಜರಿಯವನಲ್ಲಿ ಬೆಲೆಯಿತ್ತು. ಪ್ಲಾಸ್ಟಿಕ್ಕಿನ ಎಣ್ಣೆ ಪೊಟ್ಟಣ ಕೆಲವೇ ಗ್ರಾಂ ತೂಕದ್ದು, ಹಲವು ಪದರಗಳದ್ದು, ಒಳಗೆಲ್ಲ ಜಿಡ್ಡು. ಅದನ್ನು ತೊಳೆದು ಬೇರ್ಪಡಿಸುವ ಖರ್ಚು ಅದರ ಬೆಲೆಯನ್ನು ಮೀರುವುದರಿಂದ ಗುಜರಿಯವನು ಮುಟ್ಟುವುದಿಲ್ಲ. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ ಮೊದಲಾದುವುಗಳ ಮೇಲೂ, ದೇಶದಲ್ಲಿ 1 ಜುಲೈ 2022ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪದಾರ್ಥಗಳ ಮೇಲೂ ನಿಷೇಧ ಬಂದರೂ ಎಣ್ಣೆಯ ಪೊಟ್ಟಣ ಆ ಪಟ್ಟಿಯಲ್ಲಿಲ್ಲ. ನಗರದಲ್ಲಿ ಕಸ ಒಯ್ಯುವ ಬಂಡಿಯಾದರೂ ಉಂಟು. ಹಳ್ಳಿಯ ಹಿತ್ತಿಲಲ್ಲಿ ಅದು ಸುಡುತ್ತದೆ, ಇಲ್ಲವೆ ಹಳ್ಳದ ಪಾಲಾಗುತ್ತದೆ, ಕೆಲವೊಮ್ಮೆ ದನದ ಹೊಟ್ಟೆ ಸೇರುತ್ತದೆ. ಕಡಿಮೆ ಹಣದವರು ಚಿಕ್ಕ ಪೊಟ್ಟಣಗಳನ್ನೇ ಮತ್ತೆ ಮತ್ತೆ ಕೊಳ್ಳಬೇಕಾದುದರಿಂದ, ಅದೇ ಪ್ರಮಾಣದ ಎಣ್ಣೆಗೆ ಅವರ ಮನೆಯಲ್ಲಿಯೇ ಕಸ ಹೆಚ್ಚು. ಚಟಾಕಿನ ಅಳತೆ ಬಡವನಿಗೆ ಮಾಡಿದ ಉಪಕಾರವನ್ನು ಚಿಕ್ಕ ಪೊಟ್ಟಣ ಹೀಗೆ ಅರ್ಧ ಮಾತ್ರ ಮಾಡುತ್ತದೆ.

ಹಾಗಾದರೆ ಪಾತ್ರೆ ಹಿಡಿದು ಹೋಗುವ ಕ್ರಮ ಪೂರ್ತಿಯಾಗಿ ನಶಿಸಿತೇ? ಇಲ್ಲ. ನಮ್ಮ ಪ್ರತಿಯೊಂದು ಪಟ್ಟಣದ ಹಿಟ್ಟಿನ ಗಿರಣಿಯಲ್ಲಿ ಅದು ಇಂದಿಗೂ ಜೀವಂತವಾಗಿದೆ. ರಾಗಿಯನ್ನೋ ಜೋಳವನ್ನೋ ಮನೆಯ ಡಬ್ಬದಲ್ಲಿ ಒಯ್ದು, ಅದೇ ಡಬ್ಬದಲ್ಲಿ ಹಿಟ್ಟನ್ನು ತರುತ್ತೇವೆ. ನ್ಯಾಯಬೆಲೆ ಅಂಗಡಿಯ ಅಕ್ಕಿಗೂ ಮನೆಯ ಚೀಲವೇ ಬೇಕು. ಎಣ್ಣೆಯಲ್ಲಿಯೂ, ಈಚೆಗೆ ಮರಳಿ ಬಂದಿರುವ ಮರದ ಗಾಣಗಳಲ್ಲಿ, ತಮ್ಮದೇ ಬೀಜವನ್ನು ಕೊಟ್ಟು, ಕೂಲಿ ತೆತ್ತು, ಎಣ್ಣೆಯನ್ನೂ ಹಿಂಡಿಯನ್ನೂ ಒಯ್ಯುವವರುಂಟು. ನೆಲಗಡಲೆಯ ಬೀಜದಲ್ಲಿ ನೂರಕ್ಕೆ 45ರಿಂದ 50ರಷ್ಟು ಎಣ್ಣೆಯಿದ್ದು, ಗಾಣದಲ್ಲಿ ಅದರ ಬಹುಭಾಗ ಇಳಿಯುತ್ತದೆ. ಉಳಿದ ಹಿಂಡಿ ದನಕ್ಕೆ ಮೇವು. ಈ ಕ್ರಮದಲ್ಲಿ ಬೀಜವನ್ನು ಆರಿಸಿದವನೂ ಎಣ್ಣೆಯನ್ನು ಉಣ್ಣುವವನೂ ಒಬ್ಬನೇ ಆದುದರಿಂದ ಶುದ್ಧಿಯ ಹೊಣೆ ಬೇರೆಯವರ ಮೇಲಿಲ್ಲ.

ಮಹಾನಗರದ ಮರುತುಂಬುವ ಅಂಗಡಿಗೆ ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು ಪಾತ್ರೆಯ ವಿಷಯ. ದಪ್ಪ ಗಾಜಿನ ಭರಣಿಯನ್ನೋ ಉಕ್ಕಿನ ಡಬ್ಬವನ್ನೋ ತಯಾರಿಸಲು ತೆಳುವಾದ ಪೊಟ್ಟಣಕ್ಕಿಂತ ಎಷ್ಟೋ ಪಾಲು ಹೆಚ್ಚು ಇಂಧನ ಬೇಕು. ಹಲವು ಸಲ ತುಂಬಿದಮೇಲಷ್ಟೇ ಅದರ ಋಣ ತೀರುತ್ತದೆ. ಆದುದರಿಂದ ಹೊಸ ಭರಣಿಗಳನ್ನು ಕೊಂಡು ಕಪಾಟಿನಲ್ಲಿ ಸಾಲಾಗಿ ಇಡುವುದು ಈ ಪದ್ಧತಿಯ ಉದ್ದೇಶಕ್ಕೆ ವಿರುದ್ಧ. ಮನೆಯಲ್ಲಿ ಈಗಾಗಲೇ ಇರುವ ಪಾತ್ರೆಯೇ ಶ್ರೇಷ್ಠ. ಅದನ್ನು ತೊಳೆದು ಚೆನ್ನಾಗಿ ಒಣಗಿಸಿರಬೇಕು. ಬರಿಯ ಪಾತ್ರೆಯನ್ನು ಮೊದಲು ತೂಗಿ, ಆ ತೂಕವನ್ನು ಕಳೆದು ಲೆಕ್ಕ ಹಾಕಬೇಕು. ಎರಡನೆಯದು ನಂಬಿಕೆಯ ವಿಷಯ. ದೊಡ್ಡ ನಗರದಲ್ಲಿ ಊರಿನ ಪರಿಚಯವಿಲ್ಲ. ಕೇವಲ ಸದುದ್ದೇಶ ಅದರ ಸ್ಥಾನವನ್ನು ತುಂಬಲಾರದು. ತಕ್ಕಡಿಗೆ ಸರ್ಕಾರದ ಮುದ್ರೆ ಬಿದ್ದಂತೆಯೇ, ಪೀಪಾಯಿಯ ಮೇಲೆ ಪದಾರ್ಥ ಬಂದ ಸ್ಥಳ, ತಯಾರಾದ ದಿನ, ಪರೀಕ್ಷೆಯ ಫಲ ಇವು ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಪೊಟ್ಟಣ ಬಂದುದು ವರ್ತಕರ ಲೋಭದಿಂದ ಮಾತ್ರವಲ್ಲ. ಹೊಲಕ್ಕೂ ಒಲೆಗೂ ನಡುವಣ ದೂರ ಬೆಳೆದುದರಿಂದ, ಆ ದೂರದಲ್ಲಿ ಜನ ಸತ್ತುದರಿಂದ. ಅದನ್ನು ಬಿಡಬೇಕಾದರೆ ಆ ದೂರವನ್ನು ಕುಗ್ಗಿಸಬೇಕು, ಇಲ್ಲವೆ ಅದರ ಉದ್ದಕ್ಕೂ ಪರೀಕ್ಷೆಯನ್ನು ಒದಗಿಸಬೇಕು. ಗಿರಣಿಗಳೂ ನೆಲಗಡಲೆಯ ಹೊಲಗಳೂ ಇನ್ನೂ ಒಟ್ಟಿಗಿರುವ ಚಳ್ಳಕೆರೆಯಂಥ ಊರಿನಲ್ಲಿ ಮೊದಲನೆಯದು ಸಾಧ್ಯ. ಎಣ್ಣೆಯ ಪರೀಕ್ಷೆಗೆ ತಾಲ್ಲೂಕಿನಲ್ಲಿಯೇ ಒಂದು ಏರ್ಪಾಡಾಗಿ, ಅದಕ್ಕೆ ಒಳಪಟ್ಟ ಗಿರಣಿಯ ಎಣ್ಣೆಯನ್ನು ಮನೆಯ ಪಾತ್ರೆಗೆ ಅಳೆದುಕೊಡಲು ಕಾನೂನು ಅವಕಾಶ ಮಾಡಿದರೆ, ಕೂಲಿಯ ಮನೆಯವರು ತಮಗೆ ಬೇಕಾದಷ್ಟನ್ನೇ ಕಸವಿಲ್ಲದೆ, ಭಯವಿಲ್ಲದೆ ಒಯ್ಯಬಹುದು.